ತೊಟ್ಟಿಯಲ್ಲೊಂದು ಕಾಲು

ಐದಡಿ ಉದ್ದ, ಮೂರೂವರೆ ಅಡಿ ಅಗಲ, ಎರಡೂವರೆ ಅಡಿ ಆಳ. ಇಷ್ಟು ಜಾಗದಲ್ಲಿ ನೀರು ನಿಲ್ಲಿಸಿ ಒಂದು ನೈದಿಲೆ ಬಿಟ್ಟರೆ ಮನುಷ್ಯರಿಗೆ ಎಷ್ಟು ಜಂಬ ಬರಬಹುದು ಅನ್ನುವುದಕ್ಕೆ ಸದ್ಯ ಮೈಸೂರಿನಲ್ಲಿ ನಾನೇ ಉದಾಹರಣೆ. ಫೋನಿನಲ್ಲಿ ಯಾರಾದರೂ "ಎಲ್ಲಿದೀರಿ?" ಅಂದರೆ "ಕೊಳದ ಹತ್ತಿರ" ಅನ್ನುತ್ತೇನೆ. ಪಾಪ, ಅವರು ನಾನು ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ವಾಕಿಂಗ್ ಹೋಗಿದ್ದೇನೆ ಅಂದುಕೊಂಡು "ಒಳ್ಳೇದು, ಮಂಡಿನೋವಿಗೆ ಬಹಳ ಒಳ್ಳೇದು" ಅನ್ನುತ್ತಾರೆ. ನಾನು ತಿದ್ದುವುದಕ್ಕೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಪಕ್ಕದ ಸಿಮೆಂಟ್ ತೊಟ್ಟಿಯನ್ನು ದಿಟ್ಟಿಸುತ್ತಿರುತ್ತೇನೆ.

ತೊಟ್ಟಿ ನಮ್ಮ ಮಾವನವರು ಕಟ್ಟಿಸಿದ್ದು, ದಿನ ಬಿಟ್ಟು ದಿನ ನಲ್ಲಿ ಬರುತ್ತಿದ್ದ ಕಾಲಕ್ಕೆ. ಮಹಡಿ ಮೇಲೆ ಕಪ್ಪು ಟ್ಯಾಂಕು ಬಂದು ಕೂತ ಮೇಲೆ ಅದಕ್ಕೆ ಕೆಲಸವಿಲ್ಲ. ಒಡೆಸೋಣ ಅಂತ ಮನೆಯಲ್ಲಿ ಮಾತು ಬಂದಾಗಲೆಲ್ಲ ನಮ್ಮತ್ತೆ "ನಾನಿರೋವರೆಗೂ ಇರಲಿ ಬಿಡಿ" ಅನ್ನುತ್ತಿದ್ದರು. ಅತ್ತೆಯೂ ಗಟ್ಟಿ, ತೊಟ್ಟಿಯೂ ಗಟ್ಟಿ. ಅಷ್ಟರಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್ ಕೆಲಸದಿಂದ ನಿವೃತ್ತಳಾಗಿ ಮನೆಗೆ ಬಂದೆ. ಪಾಠ ಒಳಗಿದೆ, ಕೇಳುವ ಮಕ್ಕಳಿಲ್ಲ. ಇಂಥ ಹೆಂಗಸಿನ ಕೈಗೆ ಒಂದು ಖಾಲಿ ತೊಟ್ಟಿ ಸಿಗಬಾರದು.

ಇದಕ್ಕೆಲ್ಲ ಮೂಲ ಆ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ. ಆತ 1893ರಲ್ಲಿ ಜಿವರ್ನಿ ಅನ್ನುವ ಹಳ್ಳಿಯಲ್ಲಿ ತನ್ನ ಮನೆಯ ಪಕ್ಕದ ಜಾಗ ಕೊಂಡು ಕೊಳ ತೋಡಿಸಿದ. ಊರವರು ಬಿಡಲಿಲ್ಲ. ಈ ಪರದೇಶದ ಗಿಡಗಳಿಂದ ಹಳ್ಳದ ನೀರು ವಿಷವಾಗುತ್ತದೆ ಅಂತ ತಕರಾರು ತೆಗೆದರು. ಆತ ಕೇಳಲಿಲ್ಲ. ನೈದಿಲೆ ತರಿಸಿ ಬೆಳೆಸಿದ, ಎಲೆಯ ಮೇಲೆ ಕೂತ ರಸ್ತೆಯ ಧೂಳು ತೊಳೆಯುವುದಕ್ಕೆ ಆಳಿಟ್ಟ, ಕಣ್ಣಿಗೆ ಪೊರೆ ಬಂದರೂ ಬಿಡದೆ ಸುಮಾರು 250 ನೈದಿಲೆ ಚಿತ್ರ ಬರೆದ. ಇದನ್ನೆಲ್ಲ ಓದಿ ನಮ್ಮ ಯಜಮಾನರಿಗೆ ಹೇಳಿದೆ. ಅವರು ಬ್ಯಾಂಕಿನಲ್ಲಿದ್ದವರು. "ಅವನ ಚಿತ್ರ ಮಾರಾಟ ಆಗ್ತಿತ್ತು ಕಣೇ" ಅಂದರು.

ನರ್ಸರಿಯ ಹುಡುಗ "ತಾವರೆ ಮೇಡಂ, ನೀಲಿ ತಾವರೆ" ಅಂತ ಒಂದು ಪ್ಲಾಸ್ಟಿಕ್ ಕವರು ಕೈಗಿಟ್ಟ. ಎಲೆ ನೋಡಿದೆ. ಅಂಚಿನಿಂದ ತೊಟ್ಟಿನವರೆಗೆ ಸೀಳು. ಅಲ್ಲೇ ಪಾಠ ಶುರುವಾಯಿತು. ತಾವರೆ ಎಲೆ ದುಂಡಗಿರುತ್ತಪ್ಪ, ಸೀಳಿರಲ್ಲ, ನೀರು ಬಿಟ್ಟು ಮೇಲೆದ್ದು ನಿಲ್ಲತ್ತೆ, ಹನಿ ಬಿದ್ದರೆ ಉರುಳಿ ಹೋಗತ್ತೆ. ಇದು ನೈದಿಲೆ, ಎಲೆ ನೀರಿನ ಮೇಲೇ ಮಲಗಿರತ್ತೆ. ಎರಡಕ್ಕೂ ನೀರೊಂದು ಬಿಟ್ಟರೆ ಸಂಬಂಧವೇ ಇಲ್ಲ. ನೈದಿಲೆ ಭೂಮಿಯ ಮೇಲಿನ ಹೂಬಿಡುವ ಗಿಡಗಳಲ್ಲೇ ಬಹಳ ಹಳೇ ಮನೆತನ. ತಾವರೆಗೆ ಹತ್ತಿರದ ನೆಂಟರು ಯಾರು ಗೊತ್ತಾ? ಕಾಫಿ ತೋಟದಲ್ಲಿ ನೆರಳಿಗೆ ಹಾಕ್ತಾರಲ್ಲ ಸಿಲ್ವರ್ ಓಕು, ಅದರ ಬಳಗ! ಹುಡುಗ ಎಲ್ಲವನ್ನೂ ಕೇಳಿ, ಮೊದಲು ಹೇಳಿದ ಬೆಲೆಗೆ ಐವತ್ತು ರೂಪಾಯಿ ಸೇರಿಸಿದ. "ಇಷ್ಟೆಲ್ಲ ಗೊತ್ತಿರೋರಿಗೆ ಒಳ್ಳೇ ಗಡ್ಡೇನೇ ಕೊಡ್ಬೇಕಲ್ವಾ ಮೇಡಂ?" ಸಿಲ್ವರ್ ಓಕಿನ ಸಂಗತಿಯನ್ನು ಸಕಲೇಶಪುರದ ಕಡೆ ತೋಟವಿರುವ ನಮ್ಮ ಓರಗಿತ್ತಿಗೂ ಫೋನ್ ಮಾಡಿ ತಿಳಿಸಿದೆ. ಆಮೇಲೆ ಆಕೆಯಿಂದ ಫೋನ್ ಬಂದಿಲ್ಲ.

ನೈದಿಲೆ ನೆಡುವುದು ಬಹಳ ಸುಲಭ. ಬುದ್ಧಿವಂತರಿಗೆ ಮಾತ್ರ ಸ್ವಲ್ಪ ಕಷ್ಟ. ಬುದ್ಧಿವಂತರು ಎರೆಗೊಬ್ಬರ, ಕೊಬ್ಬರಿನಾರಿನ ಪುಡಿ, ಎಲೆಗೊಬ್ಬರ ಎಲ್ಲ ತಂದು ಹದವಾಗಿ ಬೆರೆಸಿ ನೆಡುತ್ತಾರೆ. ನಾನೂ ನೆಟ್ಟೆ. ಬೆಳಗ್ಗೆ ನೋಡಿದರೆ ನಾರಿನ ಪುಡಿ ಮೇಲೆ, ಎಲೆಗೊಬ್ಬರ ಮೇಲೆ, ಗಡ್ಡೆಯೂ ಮೇಲೆ. ಅತ್ತೆ ಬಂದು ನೋಡಿ, "ಕೆರೇಲಿ ಯಾರೇ ಗೊಬ್ಬರ ಹಾಕಿ ಕಲಸಿ ಕೊಟ್ಟಿರ್ತಾರೆ?" ಅಂದರು. ಆ ಒಂದು ಪ್ರಶ್ನೆಯಲ್ಲಿ ನೈದಿಲೆ ಬೇಸಾಯವೆಲ್ಲ ಇದೆ. ಅದಕ್ಕೆ ಬೇಕಾದ್ದು ಅಂಟುವ ಜಿಗುಟು ಮಣ್ಣು, ಕೆರೆಗೋಡು. ಹಾಲಿನವರಿಗೆ ಹೇಳಿ ಎರಡು ಚೀಲ ಗೋಡು ತರಿಸಿದೆ. ಬಾಯಗಲದ ಟಬ್ಬಿಗೆ ತುಂಬಿ, ಗಡ್ಡೆಯನ್ನು ಒತ್ತಿ, ಕುಡಿ ಮಾತ್ರ ಮಣ್ಣಿನ ಮೇಲೆ ಕಾಣುವಂತೆ ಬಿಟ್ಟು, ಮಣ್ಣು ಕದಡದಿರಲಿ ಅಂತ ಮೇಲೆ ದಪ್ಪ ಮರಳು ಹಾಸಿದೆ. ಮೊದಲು ಕುಡಿಯ ಮೇಲೆ ನಾಲ್ಕು ಬೆರಳು ನೀರು, ಎಲೆ ಬಂದಂತೆಲ್ಲ ಇನ್ನಷ್ಟು. ದಿನಕ್ಕೆ ಐದಾರು ಗಂಟೆ ಬಿಸಿಲು. ಹೊಸ ಸಿಮೆಂಟ್ ತೊಟ್ಟಿಯಾದರೆ ಸುಣ್ಣದ ಅಂಶ ನೀರಿಗೆ ಬಿಡುತ್ತದೆ, ನಾಲ್ಕಾರು ಸಲ ತುಂಬಿಸಿ ಚೆಲ್ಲಬೇಕು. ನಮ್ಮ ತೊಟ್ಟಿಯ ಸುಣ್ಣವೆಲ್ಲ ಮಾವನವರ ಪಂಚೆಗಳಿಗೆ ಹತ್ತಿ ಎಂದೋ ಮುಗಿದಿತ್ತು.

ಆಮೇಲೆ ನೀರು ಹಸಿರಾಯಿತು. ಸಾಧಾರಣ ಹಸಿರಲ್ಲ. ಬೆರಳು ಅದ್ದಿದರೆ ಉಗುರು ಕಾಣದಂಥ ಹಸಿರು. ಮನೆಗೆ ಬಂದವರೆಲ್ಲ "ನೀರು ಬದಲಾಯಿಸಿ" ಅಂದರು. ಯಜಮಾನರು ಬ್ಲೀಚಿಂಗ್ ಪೌಡರಿನ ಡಬ್ಬಿ ಹಿಡಿದುಕೊಂಡು ಹಿಂದೆ ಮುಂದೆ ಓಡಾಡಿದರು. ಅತ್ತೆ ಪಟಿಕ ತಂದರು. ಎದುರುಮನೆ ಆಂಟಿ "ನಮ್ಮ ಅಕ್ವೇರಿಯಮ್ಮಿನ ಪಂಪ್ ಕೊಡ್ಲಾ?" ಅಂದರು. ಹಸಿರಾಗುವುದು ಪಾಚಿಯಿಂದ. ನೀರು ಬದಲಾಯಿಸಿದರೆ ಅದಕ್ಕೆ ಹೊಸ ಆಹಾರ ಕೊಟ್ಟ ಲೆಕ್ಕ. ನೈದಿಲೆ ಎಲೆ ಬಿಟ್ಟು ನೀರಿನ ಮೇಲ್ಮೈಯ ಅರ್ಧದಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಮುಚ್ಚಿದರೆ ಪಾಚಿಗೆ ಬಿಸಿಲು ತಪ್ಪಿ ನೀರು ತಾನಾಗಿ ತಿಳಿಯಾಗುತ್ತದೆ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಒಂದೇ, ಏನೂ ಮಾಡದೆ ಇರುವುದು. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ನನಗೆ ತಿಳಿದಂತೆ ಇಡೀ ಮೈಸೂರಿನಲ್ಲಿ, ಈ ಕೆಲಸಕ್ಕೆ ಜನ ಸಿಕ್ಕುವುದಿಲ್ಲ.

ನೀರು ಕಂಡ ಮೇಲೆ ಅದರೊಳಗೆ ಏನಾದರೂ ಹಾಕದೆ ಹೋಗುವುದು ನಮ್ಮವರಿಗೆ ಸಾಧ್ಯವೇ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು "ಏನ್ ಲಕ್ಷಣವಾಗಿದೆ ರೀ!" ಅಂತ ಕೈಮುಗಿದು ಒಂದೊಂದು ರೂಪಾಯಿ ನಾಣ್ಯ ಹಾಕಿದರು. ಒಬ್ಬರು ಕುಂಕುಮ ಏರಿಸಿದರು. ಅದರ ಮೇಲೆ ಇನ್ನೊಬ್ಬರು ಅರಿಶಿನ. ಸೊಳ್ಳೆಮರಿ ತಿನ್ನಲಿ ಅಂತ ಗಪ್ಪಿ ಮೀನು ಬಿಟ್ಟಿದ್ದೆ. ಪಕ್ಕದ ಮನೆಯ ಹುಡುಗ ಕಾಂಪೌಂಡ್ ಹತ್ತಿ ಅದಕ್ಕೆ ದಿನಾ ಕ್ರೀಮ್ ಬಿಸ್ಕತ್ತು ಹಾಕುತ್ತಿದ್ದ. ಕ್ರೀಮು ತಾನು ನೆಕ್ಕಿ ಬಿಸ್ಕತ್ತು ಮೀನಿಗೆ. ಅವನ ಅಮ್ಮನಿಗೆ ಹೇಳಿದರೆ "ಪ್ರಾಣಿದಯೆ ಜಾಸ್ತಿ ಆಂಟಿ ಅವನಿಗೆ" ಅಂದಳು. ಮೀನು ತಿನ್ನದೆ ಬಿಟ್ಟದ್ದು ಕೊಳೆಯುತ್ತದೆ, ಕೊಳೆತದ್ದು ಪಾಚಿಗೆ ಗೊಬ್ಬರವಾಗುತ್ತದೆ, ನಾನು ಮತ್ತೆ ಒಗೆಯುವ ಕಲ್ಲಿನ ಮೇಲೆ ಕೂರುತ್ತೇನೆ. ಹಾಕಬೇಡಿ ಅಂತ ಬೋರ್ಡು ಬರೆದು ಹಚ್ಚಿದೆ. ಬೋರ್ಡು ಓದುವುದಕ್ಕೆ ಬಂದವರು ಇನ್ನೆರಡು ನಾಣ್ಯ ಹಾಕಿದರು.

ಮೊದಲನೆಯ ಹೂವನ್ನು ನಾನು ನೋಡಲಿಲ್ಲ. ಮೊಗ್ಗು ಎದ್ದದ್ದು ನೋಡಿ, ಮಾರನೆಯ ಬೆಳಗ್ಗೆ ಅರಳುವ ಹೊತ್ತಿಗೆ ಫೋನ್ ಚಾರ್ಜ್ ಮಾಡಿಟ್ಟುಕೊಂಡು ಬಂದರೆ ಬರೀ ತೊಟ್ಟು. ಅತ್ತೆ ಸ್ನಾನ ಮುಗಿಸಿ ಕಿತ್ತು ದೇವರ ತಲೆಯ ಮೇಲಿಟ್ಟಿದ್ದರು. "ಮೊದಲನೇ ಹೂವು ಯಾರಿಗೆ ಮತ್ತೆ?" ಇದಕ್ಕೆ ಉತ್ತರ ಯಾವ ಸೊಸೆಯ ಹತ್ತಿರ ಇದೆ? ಎರಡನೆಯದು ನನ್ನ ಪಾಲಿಗೆ ಬಂತು. ನಮ್ಮದು ಹಗಲು ಅರಳುವ ಜಾತಿಯ ನೀಲಿ ನೈದಿಲೆ, ಶ್ರೀಲಂಕಾದವರ ರಾಷ್ಟ್ರಪುಷ್ಪ. ಚಂದ್ರನನ್ನು ನೋಡಿ ಅರಳುತ್ತದೆ ಅಂತ ಕವಿಗಳು ಹೊಗಳಿದ್ದು ಇದರ ಅಕ್ಕತಂಗಿಯರಾದ ಬಿಳಿ, ಕೆಂಪು ನೈದಿಲೆಗಳನ್ನು. ಅವು ಸಂಜೆ ಅರಳಿ ಮಾರನೆಯ ಬೆಳಗ್ಗೆ ಬಿಸಿಲೇರಿದ ಮೇಲೆ ಮುಚ್ಚುತ್ತವೆ. ನಮ್ಮದಕ್ಕೆ ಚಂದ್ರನ ಪರಿಚಯವೇ ಇಲ್ಲ. ಮಧ್ಯಾಹ್ನ ಕಳೆಯುತ್ತಿದ್ದಂತೆ ಬಾಗಿಲು ಹಾಕಿಕೊಂಡುಬಿಡುತ್ತದೆ. ಅರಳಿದ ಮೊದಲ ದಿನ ಹೂವಿನ ನಡುವೆ ಸಣ್ಣ ಬಟ್ಟಲಿನಷ್ಟು ದ್ರವ ತುಂಬಿರುತ್ತದೆ. ಬೇರೆ ಹೂವಿನ ಪರಾಗ ಹೊತ್ತು ಬಂದ ನೊಣ, ಜೇನುಹುಳ ಕಾಲು ಜಾರಿ ಅದರೊಳಗೆ ಬಿದ್ದರೆ ಮೈಮೇಲಿನ ಪರಾಗ ತೊಳೆದು ಹೂವಿಗೆ ಸಿಗುತ್ತದೆ. ಹುಳ ಎಷ್ಟೋ ಸಲ ಅಲ್ಲೇ ಸಾಯುತ್ತದೆ. ಮರುದಿನದಿಂದ ಅದೇ ಹೂವು ದ್ರವ ನಿಲ್ಲಿಸಿ ತಾನೇ ಪರಾಗ ಹಂಚಲು ಕೂರುತ್ತದೆ. ಇದನ್ನು ಭಜನಾ ಮಂಡಳಿಯಲ್ಲಿ ವಿವರಿಸಿದಾಗ ಹಿರಿಯರೊಬ್ಬರು "ಅಂಥ ಹೂವನ್ನ ದೇವರಿಗೆ ಇಡಬಹುದಾ?" ಅಂತ ಕೇಳಿದರು. ಅತ್ತೆ ಆ ದಿನದಿಂದ ನನ್ನ ಹೂವು ಕೀಳುವುದನ್ನು ಬಿಟ್ಟಿದ್ದಾರೆ. ವಿಜ್ಞಾನದಿಂದ ಪ್ರಯೋಜನವಿಲ್ಲ ಅನ್ನುವವರು ಇದನ್ನು ಗಮನಿಸಬೇಕು.

ಇನ್ನು ಕಾಲಿನ ವಿಷಯ.

ನೈದಿಲೆ ಬಹಳ ಹಸಿವಿನ ಗಿಡ. ಹೂ ಬಿಡುವ ಕಾಲದಲ್ಲಿ ತಿಂಗಳಿಗೊಮ್ಮೆ ಗೊಬ್ಬರ ಕೊಡಬೇಕು. ನೀರಿಗೆ ಹಾಕಿದರೆ ಪಾಚಿ ತಿನ್ನುತ್ತದೆ, ಆದ್ದರಿಂದ ಕಾಗದದಲ್ಲಿ ಪೊಟ್ಟಣ ಕಟ್ಟಿ ಬೇರಿನ ಹತ್ತಿರ ಮಣ್ಣಿನೊಳಕ್ಕೆ ಒತ್ತಬೇಕು. ಗೊಬ್ಬರಗಳಲ್ಲಿ ಒಳ್ಳೆಯದು ಮೂಳೆಪುಡಿ. ಈ ಒಂದು ಪದ ನಮ್ಮ ಮನೆಯೊಳಗೆ ಉಚ್ಚರಿಸುವಂತಿಲ್ಲವಾಗಿ ಅದು ಹಾರ್ಲಿಕ್ಸ್ ಬಾಟಲಿಯಲ್ಲಿ, "ಗಿಡದ ಪುಡಿ" ಅನ್ನುವ ಚೀಟಿಯ ಹಿಂದೆ, ಅಜ್ಞಾತವಾಸದಲ್ಲಿದೆ. ಅವತ್ತು ಬೆಳಗ್ಗೆ ಹತ್ತರ ಹೊತ್ತು. ನೈಟಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಟವೆಲ್ ಸುತ್ತಿ, ತೊಟ್ಟಿಗಿಳಿದೆ. ಕೈಯಲ್ಲಿ ಒತ್ತಬೇಕಾದರೆ ಭುಜದವರೆಗೆ ಮುಳುಗಬೇಕು. ಯಾರಿಗೆ ಬೇಕು? ಪೊಟ್ಟಣವನ್ನು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಿಡಿದು, ಬಲಗಾಲನ್ನು ಟಬ್ಬಿನ ಮಣ್ಣಿಗಿಟ್ಟು ಒತ್ತಿದೆ. ಸಲೀಸಾಗಿ ಹೋಯಿತು. ಇನ್ನೂ ಸ್ವಲ್ಪ ಒತ್ತಿದೆ. ಇನ್ನೂ ಹೋಯಿತು. ಮಣ್ಣು ತಂಪಾಗಿತ್ತು, ಮೆತ್ತಗಿತ್ತು, ಪಾದಕ್ಕೆ ಪರಮಸುಖವಾಗಿತ್ತು. ಸುಖ ಮೀನಖಂಡದವರೆಗೆ ಬಂದ ಮೇಲೆ, ಇನ್ನು ಸಾಕು ಅಂತ ಕಾಲೆತ್ತಿದೆ.

ಕಾಲು ಬರಲಿಲ್ಲ.

ಎಂಟನೇ ತರಗತಿಗೆ ಗಾಳಿಯ ಒತ್ತಡದ ಪಾಠ ಮಾಡುವಾಗ ಮ್ಯಾಗ್ಡೆಬರ್ಗ್ ಅರ್ಧಗೋಳಗಳ ಕಥೆ ಹೇಳುತ್ತಿದ್ದೆ. ಎರಡು ತಾಮ್ರದ ಬೋಗುಣಿ ಜೋಡಿಸಿ ಒಳಗಿನ ಗಾಳಿ ತೆಗೆದರೆ ಆ ಕಡೆ ಎಂಟು, ಈ ಕಡೆ ಎಂಟು ಕುದುರೆ ಕಟ್ಟಿ ಎಳೆದರೂ ಬೇರೆಯಾಗುವುದು ಕಷ್ಟ. ಜಿಗುಟು ಮಣ್ಣಿನಲ್ಲೂ ಅದೇ ಸೂತ್ರ. ಕಾಲೆತ್ತಿದರೆ ಕೆಳಗೆ ಗಾಳಿ ಹೋಗಲು ದಾರಿಯಿಲ್ಲ, ಮೇಲಿನಿಂದ ವಾತಾವರಣ ಒತ್ತುತ್ತದೆ. ಕುದುರೆ ಹದಿನಾರು ಬೇಕು, ಇರುವುದು ಯಜಮಾನರೊಬ್ಬರು. ಸಾಲದ್ದಕ್ಕೆ ಕಾಲುಚೈನು ಬೇರಿಗೆ ಸಿಕ್ಕಿಕೊಂಡಿದೆ. ಎಡಗಾಲು ನಿಂತಿರುವ ತಳದಲ್ಲಿ ಪಾಚಿ.

"ರೀ" ಅಂದೆ.

"ಹೂಂ" ಅಂದರು ಜಗಲಿಯಿಂದ. ಪೇಪರ್ ಓದುತ್ತಿದ್ದಾರೆ.

"ಸ್ವಲ್ಪ ಬನ್ರೀ."

"ಹೂಂ."

"ಕಾಲು ಸಿಕ್ಕಿಹಾಕ್ಕೊಂಡಿದೆ ರೀ!"

"ಎಷ್ಟಕ್ಷರ?"

ಪದಬಂಧ ತುಂಬಿಸುತ್ತಿದ್ದರು. ನನ್ನ ಧ್ವನಿ ಏರಿದ ಮೇಲೆ ಎದ್ದು ಬಂದರು. ಬಂದು ನೋಡಿ, ನಾನು ಎಲ್ಲಿದ್ದೇನೆ, ಯಾಕಿದ್ದೇನೆ, ಇದಕ್ಕೆ ಮೊದಲು ಇದರ ಸಾಧಕ ಬಾಧಕಗಳನ್ನು ಯೋಚಿಸಿದ್ದೆನೇ ಅನ್ನುವುದನ್ನೆಲ್ಲ ಸಮಾಧಾನವಾಗಿ ವಿಚಾರಿಸಿದರು. ಒಂದು ಕೈ ಹಿಡಿದು ಎಳೆದರು. ನಾನು ಬರಲಿಲ್ಲ, ಟಬ್ಬು ಹೊರಳುವುದಕ್ಕೆ ಬಂತು. "ಗಿಡ! ಗಿಡ ಮುರಿಯುತ್ತೆ, ಬಿಡಿ!" ಅಂತ ಕಿರುಚಿದೆ. ಇದನ್ನು ಅವರು ಈಗಲೂ ನೆಂಟರ ಮುಂದೆ ಹೇಳುತ್ತಾರೆ: "ಕಾಲು ಹೋದ್ರೂ ಪರವಾಗಿಲ್ಲ ಅಂದ್ಳು ಇವಳು."

ಗಲಾಟೆ ಕೇಳಿ ಅತ್ತೆ ಬಂದರು. ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ಕುಡಿಯೋ ನೀರಿನ ತೊಟ್ಟಿಗೆ ಕಾಲಿಟ್ಟಿದೀಯಲ್ಲೇ!" ಅದರಲ್ಲಿ ಕೆರೆಗೋಡು, ಮೀನು, ಕಪ್ಪೆ, ಹನ್ನೊಂದು ನಾಣ್ಯ, ಹಾರ್ಲಿಕ್ಸ್ ಬಾಟಲಿಯ ಆ ಪುಡಿ, ಎಲ್ಲ ಇದೆ. ಆದರೂ ಮಡಿ ಕೆಟ್ಟದ್ದು ನನ್ನ ಕಾಲಿನಿಂದಲೇ. ಎದುರುಮನೆಯ ತಾರಸಿಯಲ್ಲಿ ಸಂಡಿಗೆ ಒಣಹಾಕುತ್ತಿದ್ದ ಆಂಟಿ ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದರು. ಎಲ್ಲಿಗೆ ಹಚ್ಚುವುದು? ಪಕ್ಕದ ಮನೆಯ ಪ್ರಾಣಿದಯೆಯ ಹುಡುಗ ಕಾಂಪೌಂಡ್ ಮೇಲೆ ಬಂದು ಕೂತ. ಅವನ ಅಮ್ಮ ಫೋನ್ ಎತ್ತಿ ಹಿಡಿದಳು. ಮೇಲಿನ ಮಹಡಿಯ ಬಾಡಿಗೆಯವರು ಟಬ್ಬು ಕೊಯ್ಯುವುದಕ್ಕೆ ಗರಗಸ ಇದೆ ಅಂದರು. ಗರಗಸ ಅನ್ನುವ ಮಾತು ನನ್ನ ಕಾಲಿಗೆ ಇಷ್ಟವಾಗಲಿಲ್ಲ. ಇಷ್ಟು ಹೊತ್ತು ಯಾರೂ ಕದಲಿಸದ ಎಡಗಾಲನ್ನು ಗಪ್ಪಿಗಳು ಹುಡುಕಿಕೊಂಡು ಬಂದು ಹಿಮ್ಮಡಿ ಕಚ್ಚತೊಡಗಿದವು. ಮಾಲ್‌ಗಳಲ್ಲಿ ಇದಕ್ಕೆ ದುಡ್ಡು ಕೊಟ್ಟು ಕೂರುತ್ತಾರಂತೆ.

ಆಗ ಗೇಟು ಶಬ್ದವಾಯಿತು. "ಸಾರ್, ಲಾರ್ವಾ ಸಮೀಕ್ಷೆ!"

ನನ್ನ ಕರೆಗೆ ಅಷ್ಟು ಹೊತ್ತು ತೆಗೆದುಕೊಂಡ ಯಜಮಾನರು ಈ ಕರೆಗೆ ಓಡಿದರು. ಮನೆ ಪಕ್ಕದ ಓಣಿಯಿಂದ ಇಬ್ಬರು ಆಶಾ ಕಾರ್ಯಕರ್ತೆಯರನ್ನು ನೇರ ಹಿತ್ತಲಿಗೇ ಕರೆತಂದರು. ಒಬ್ಬಳ ಕೈಯಲ್ಲಿ ಟಾರ್ಚು ಮತ್ತು ಉದ್ದ ಹಿಡಿಯ ಸೌಟು, ಇನ್ನೊಬ್ಬಳ ಕೈಯಲ್ಲಿ ಫಾರಂ. ಟಾರ್ಚಿನವಳು ತೊಟ್ಟಿಯ ಹತ್ತಿರ ಬಂದು ನಿಂತಳು. ನನ್ನನ್ನು ನೋಡಿದಳು. ನೀರು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

"ಮಿಸ್ಸಾ!"

ಮೈಸೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದವರಿಗೆ ಇದೊಂದು ಶಾಪ. ತರಕಾರಿ ಅಂಗಡಿಯಲ್ಲಿ, ಲ್ಯಾಬಿನಲ್ಲಿ, ಪೊಲೀಸ್ ಚೌಕಿಯಲ್ಲಿ, ಎಲ್ಲಿ ಹೋದರೂ ಒಬ್ಬ ಹಳೆಯ ವಿದ್ಯಾರ್ಥಿ ಇರುತ್ತಾನೆ. ತೊಟ್ಟಿಯೊಳಗೂ ತಪ್ಪಲಿಲ್ಲ.

"ಮಿಸ್, ನಾನು ಮಿಸ್, ಎಂಟನೇ ಕ್ಲಾಸ್ ಬಿ ಸೆಕ್ಷನ್. ಸೊಳ್ಳೆ ಜೀವನಚಕ್ರದ ಚಿತ್ರಕ್ಕೆ ನೀವು ನಂಗೆ ಐದಕ್ಕೆ ಎರಡು ಕೊಟ್ಟಿದ್ರಿ."

ನೈಟಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ, ತರಗತಿಯ ಧ್ವನಿ ತಂದುಕೊಂಡು, "ಚೆನ್ನಾಗಿದೀಯೇನಮ್ಮ? ಈ ತೊಟ್ಟಿಯಲ್ಲಿ ಲಾರ್ವಾ ಯಾಕಿರಲ್ಲ, ಹೇಳು ನೋಡೋಣ" ಅಂದೆ.

"ಗಪ್ಪಿ ಇದೆಯಲ್ಲ ಮಿಸ್." ಸೌಟಿನಲ್ಲಿ ಅಲ್ಲಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದು ನೋಡಿದಳು. ತಿಳಿನೀರು. ಜೊತೆಯವಳಿಗೆ ಬರೆಸಿದಳು: "ಸಿಮೆಂಟ್ ತೊಟ್ಟಿ ಒಂದು. ನೀರಿದೆ. ಮೀನಿದೆ. ಲಾರ್ವಾ ಇಲ್ಲ."

"ಒಳಗೆ ಟೀಚರ್ ಇದಾರೆ ಅಂತ ಬರೀಬೇಕಾ?"

"ಷರಾ ಕಾಲಂನಲ್ಲಿ ಹಾಕು."

ಆಮೇಲೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಯ ಕಟ್ಟೆಯ ಮೇಲೆ ಬಾಗಿ, ತೋಳನ್ನು ಭುಜದವರೆಗೆ ನೀರಿಗಿಳಿಸಿದಳು. "ಎಳೀಬೇಡಿ ಮಿಸ್. ಎಳೆದಷ್ಟೂ ಹಿಡಿಯುತ್ತೆ. ಬೆರಳು ಕೆಳಗೆ ಮಾಡಿ, ಹಿಮ್ಮಡಿ ಮಾತ್ರ ಆ ಕಡೆ ಈ ಕಡೆ ಅಲ್ಲಾಡಿಸಿ. ಪಕ್ಕದಲ್ಲಿ ನೀರಿಳೀಲಿ. ನಮ್ಮಮ್ಮನ ಊರಲ್ಲಿ ನಾಟಿ ಮಾಡೋವಾಗ ಹಿಂಗೇ." ಕಾಲಿನ ಪಕ್ಕ ಬೆರಳಾಡಿಸಿ ನೀರಿಗೆ ದಾರಿ ಮಾಡಿದಳು. ಚೈನು ಬಿಡಿಸಿದಳು. ಮಣ್ಣು ಒಂದು ದೊಡ್ಡ ತೇಗು ತೇಗಿ ನನ್ನ ಕಾಲನ್ನು ಬಿಟ್ಟುಕೊಟ್ಟಿತು. ಗೊಬ್ಬರದ ಪೊಟ್ಟಣ ಹೆಬ್ಬೆರಳಿನಲ್ಲೇ ಇತ್ತು. ಕಾಂಪೌಂಡಿನ ಮೇಲಿನವರು, ತಾರಸಿಯವರು, ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಹೇಳಿದವಳು ನಾನು, ಪ್ರಯೋಗ ಮಾಡಿದವಳು ಅವಳು. ಆ ಮೂರು ಅಂಕ ಈಗಲಾದರೂ ಸೇರಿಸಬೇಕು ಅನ್ನಿಸಿತು.

"ಮನೆ ಒಳಗೂ ನೋಡ್ಬೇಕು ಮಿಸ್" ಅಂದಳು. ಧಾರಾಳವಾಗಿ ನೋಡಮ್ಮ ಅಂದೆ. ನಮ್ಮ ಮನೆ ಎಷ್ಟು ಶುಚಿ ಅಂದರೆ ಅತ್ತೆ ನೆಲ ಒರೆಸಿದವಳ ಹಿಂದೆ ಇನ್ನೊಮ್ಮೆ ಒರೆಸುತ್ತಾರೆ. ಅವಳು ನೇರ ಅಡಿಗೆಮನೆಗೆ ಹೋಗಿ, ಫ್ರಿಜ್ಜಿನ ಹಿಂದಕ್ಕೆ ಟಾರ್ಚು ಬಿಟ್ಟು, ಕೆಳಗಿನ ತಟ್ಟೆಯನ್ನು ಮೆಲ್ಲಗೆ ಹೊರಗೆಳೆದಳು. ಹಿಮ ಕರಗಿದ ನೀರು, ಪನ್ನೀರಿನಷ್ಟು ಸ್ವಚ್ಛ. ಅದರ ತುಂಬ ಕೂದಲೆಳೆಯ ಹುಳಗಳು ಕೊಂಕುತ್ತ, ಬಳುಕುತ್ತ, ಟಾರ್ಚಿನ ಬೆಳಕಿಗೆ ತಳಕ್ಕಿಳಿದವು. "ಪ್ಯೂಪಾನೂ ಇದೆ ಮಿಸ್. ಇನ್ನೆರಡು ದಿನಕ್ಕೆ ಹಾರ್ತಿದ್ವು."

ಅತ್ತೆ ನಂಬಲಿಲ್ಲ. "ಸೊಳ್ಳೆ ಕೊಚ್ಚೇಲಿ ಅಲ್ವೇನೇ ಹುಟ್ಟೋದು?"

"ಡೆಂಗಿ ಸೊಳ್ಳೆ ಬೇರೆ ಅಜ್ಜಿ. ಅದಕ್ಕೆ ತಿಳಿನೀರೇ ಆಗ್ಬೇಕು. ಕಚ್ಚೋದೂ ಹಗಲು ಹೊತ್ತೇ."

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಅದೂ ಮಡಿಯೇ ಅನ್ನು" ಅಂದರು. ಎಂದೂ ಸೋಲೊಪ್ಪದವರು ಆ ಸೊಳ್ಳೆಗೆ ಅಷ್ಟು ಗೌರವ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ. ಯಜಮಾನರಿಗೆ ದಂಡದ ಚಿಂತೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ರಾಜ್ಯ ಸರ್ಕಾರ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗಳಿಗೆ 400 ರೂಪಾಯಿ ದಂಡ ಅಂತ ಮಾಡಿದ್ದು ಅವರಿಗೆ ನೆನಪಿತ್ತು. ಅದನ್ನು ಓದಿದ ದಿನ, ನನ್ನ ತೊಟ್ಟಿಗೆಂದೇ ನಾಲ್ಕು ನೂರರ ನೋಟು ತೆಗೆದಿಟ್ಟಿದ್ದೇನೆ ಅಂತ ಹೇಳಿದ್ದರು. ಕೆಸರು, ಕಪ್ಪೆ, ಮೀನು ತುಂಬಿದ ತೊಟ್ಟಿಯ ನೀರು ಪಾಸು, ದಿನಾ ಒರೆಸುವ ಅಡಿಗೆಮನೆಯ ನೀರು ಫೇಲು. "ಈ ಸಲ ಬೇಡ ಸಾರ್, ಮುಂದಿನ ವಾರ ಬಂದು ನೋಡ್ತೀವಿ" ಅಂತ ಅವಳು ತಟ್ಟೆಯನ್ನು ಬಿಸಿಲಲ್ಲಿ ನೆಲಕ್ಕೆ ಚೆಲ್ಲಿ, ಒಳಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಿಸಿದಳು. ಮೊಟ್ಟೆ ಅಂಟಿರುತ್ತದೆ, ನೀರು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಬರೀ ಚೆಲ್ಲಿದರೆ ಸಾಲದು. ಇದನ್ನು ನಾನು ಪಾಠದಲ್ಲಿ ಹೇಳಿರಲಿಲ್ಲ.

ಕಾಫಿ ಕೊಟ್ಟೆ. ಕುಡಿಯುತ್ತ ಹೇಳಿದಳು: "ನೀವು ಒಳಗೆ ಬಿಟ್ರಿ ಮಿಸ್. ಎಷ್ಟೋ ಕಡೆ ಗೇಟಲ್ಲೇ ನಿಲ್ಲಿಸ್ತಾರೆ. ನಾಯಿ ಬಿಡ್ತಾರೆ. ನಮ್ಮ ಮನೆ ಕ್ಲೀನಾಗಿದೆ, ಆ ವಠಾರಕ್ಕೆ ಹೋಗಿ ಅಂತಾರೆ." ಅವಳ ಮನೆಯೂ ಒಂದು ವಠಾರದಲ್ಲೇ. ಅಲ್ಲಿ ನಲ್ಲಿ ಬರುವುದು ಲೆಕ್ಕದ ಹೊತ್ತು, ಮನೆಮನೆಗೂ ಡ್ರಮ್ಮು. ನೀರು ಚೆಲ್ಲಿ ಅಂದರೆ ಕುಡಿಯುವುದೇನು? ಹಿಂದಿನ ಮಳೆಗಾಲದಲ್ಲಿ ಎದುರು ಬಾಗಿಲಿನ ಮಗು ಜ್ವರ ಬಂದು ವಾರ ಕಳೆಯುವುದರೊಳಗೆ ಹೋಯಿತಂತೆ. ಎರಡನೇ ಕ್ಲಾಸು. "ಆ ಮನೆ ಡ್ರಮ್ಮು ನಾನೇ ನೋಡಿದ್ದೆ ಮಿಸ್, ಏನೂ ಇರ್ಲಿಲ್ಲ. ಎಲ್ಲಿಂದ ಬಂತೋ" ಅಂದಳು. ಆ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ. ಹತ್ತಿರದ ಯಾವುದೋ ಮನೆಯದು. ಯಾವುದೋ ಕ್ಲೀನಾದ ಮನೆಯದೂ ಇರಬಹುದು. ನನಗೆ ಮಾತು ಬರಲಿಲ್ಲ. ಸಂಬಳವೂ ಅಲ್ಲದ ಗೌರವಧನಕ್ಕೆ ಬಿಸಿಲಲ್ಲಿ ಮನೆಮನೆ ತಿರುಗುವವಳನ್ನು ನಾಯಿ ಬಿಟ್ಟು ಓಡಿಸುವ ಮಂದಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವರಲ್ಲಿ ಕೆಲವರು ಖಂಡಿತ ನನ್ನ ಹಳೆಯ ವಿದ್ಯಾರ್ಥಿಗಳೇ.

ಹೊರಡುವಾಗ ಗೋಡೆಯ ಮೇಲೆ ಚಾಕಿನಲ್ಲಿ ತಾರೀಖು ಬರೆದಳು. ಅಕ್ಷರ ಈಗಲೂ ಓರೆ. ತಿದ್ದಲಿಲ್ಲ. ಒಂದು ನೈದಿಲೆ ಕೊಡಲು ಹೋದೆ. "ಬೇಡ ಮಿಸ್, ಗಪ್ಪಿ ಇದ್ರೆ ಕೊಡಿ, ವಠಾರದ ನೀರಿನ ಸಂಪ್‌ಗೆ ಬಿಡ್ತೀನಿ" ಅಂದಳು. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಕೊಟ್ಟೆ. ಬೇರೆ ಬಾಟಲಿ, ಗಾಬರಿಯಾಗಬೇಡಿ.

ಈಗ ಕಾಲಿಗೆ ಏನೂ ಆಗಿಲ್ಲ. ಗಿಡಕ್ಕೂ ಏನೂ ಆಗಿಲ್ಲ, ಬದಲಿಗೆ ಅವತ್ತು ಬೇರು ಸಡಿಲವಾದದ್ದಕ್ಕೋ ಏನೋ ಒಟ್ಟೊಟ್ಟಿಗೆ ಮೂರು ಮೊಗ್ಗು ಬಿಟ್ಟಿತು. ಮುಂದಿನ ಸಲದಿಂದ ಗೊಬ್ಬರವನ್ನು ಯಜಮಾನರು ಹಾಕುತ್ತಾರೆ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅವರ ಗಮನಕ್ಕೆ ಇನ್ನೂ ತಂದಿಲ್ಲ. ಪಕ್ಕದ ಮನೆಯವಳು ತೆಗೆದ ವಿಡಿಯೋ ನಮ್ಮ ಬೀದಿಯ ಗ್ರೂಪಿನಲ್ಲಿ ಓಡಾಡಿದ ಮೇಲೆ ನೈದಿಲೆ ಗಡ್ಡೆ ಕೇಳುವವರು ಹೆಚ್ಚಾಗಿದ್ದಾರೆ. ಬೇಕಾದವರು ಬನ್ನಿ, ಬೆಳಗ್ಗೆಯೇ ಬನ್ನಿ, ಮಧ್ಯಾಹ್ನ ಕಳೆದು ಬಂದು ಹೂವೆಲ್ಲಿ ಅಂತ ಕೇಳಬೇಡಿ. ಚಿಲ್ಲರೆ ಮನೆಯಲ್ಲೇ ಬಿಟ್ಟು ಬನ್ನಿ. ಆಶಾ ಹುಡುಗಿಯರು ಬಂದರೆ ನಾಯಿ ಕಟ್ಟಿಹಾಕಿ ಒಳಗೆ ಬಿಡಿ. ಹೊರಡುವ ಮೊದಲು ನಿಮ್ಮ ಫ್ರಿಜ್ಜಿನ ಹಿಂದಿನ ತಟ್ಟೆ ಒಮ್ಮೆ ಎಳೆದು ನೋಡಿ, ನೀರು ಚೆಲ್ಲಿ, ಒಳಬದಿ ಉಜ್ಜಿ, ಆಮೇಲೆ ಬನ್ನಿ.